ಬಲೆಯ ಈಚೆ

ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಗುರುದತ್‌ಗೆ ಗೊತ್ತಾಗಲಿಲ್ಲ. ಸ್ಟೇರಿಂಗಿನ ಮೇಲೆ ಇಟ್ಟ, ತೆಗೆದ. ತೊಡೆಯ ಮೇಲೆ ಇಟ್ಟ, ಅದೂ ಸರಿಹೋಗಲಿಲ್ಲ. ಐದು ವರ್ಷದಿಂದ ಶನಿವಾರದ ಬೆಳಿಗ್ಗೆ ಅಂದರೆ ಆ ಕೈಗಳಿಗೆ ಕ್ಯಾಮೆರಾ ಇರುತ್ತಿತ್ತು. ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡು, ಕೆಸರು ತುಳಿದು, ಮಗಳು ಕಾಯುವ ಗೋಲಿನ ಹಿಂದೆ ಹೋಗಿ ನಿಂತರೆ ಆಮೇಲೆ ಕೈಯ ಚಿಂತೆಯೇ ಇರಲಿಲ್ಲ. ಇವತ್ತು ಕ್ಯಾಮೆರಾ, ಸ್ಟ್ಯಾಂಡು ಎರಡೂ ಕಾರ್ಕ್ ಊರಿನ ಮನೆಯಲ್ಲಿ, ಬಾಗಿಲ ಪಕ್ಕದ ಶೂಗಳ ಜೊತೆ ಉಳಿದಿದ್ದವು. ಅವನು ಮಾತ್ರ ಡಬ್ಲಿನ್ನಿನ ಹೊರಗಿನ ಈ ಕಾಲೇಜಿನ ಕಾರ್ ಪಾರ್ಕಿನಲ್ಲಿ, ಮೈದಾನಕ್ಕೆ ಬೆನ್ನು ಮಾಡಿ ನಿಲ್ಲಿಸಿದ ಕಾರಿನೊಳಗೆ ಕೂತಿದ್ದ. ಬೆನ್ನು ಮಾಡಿ ನಿಲ್ಲಿಸಬೇಕೆಂದು ಯಾರೂ ಹೇಳಿರಲಿಲ್ಲ. "ಯೂ ಸ್ಟೇ ಇನ್ ದ ಕಾರ್ ಅಪ್ಪಾ, ಓಕೆ?" ಎಂದಷ್ಟೇ ಹೇಳಿ ಇಂಚರಾ ಡಿಕ್ಕಿಯಿಂದ ಬ್ಯಾಗು ತೆಗೆದುಕೊಂಡು ಹೋಗಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಹೇಳಿದ್ದನ್ನು ಇನ್ನೂ ಸ್ವಲ್ಪ ಜಾಸ್ತಿಯೇ ಪಾಲಿಸೋಣ ಅಂತ ಅವನೇ ಕಾರನ್ನು ತಿರುಗಿಸಿ ನಿಲ್ಲಿಸಿದ್ದ. ಆದರೆ ಕನ್ನಡಿ ಒಂದಿತ್ತಲ್ಲ. ಕನ್ನಡಿಯಲ್ಲಿ ಮೈದಾನದ ಒಂದು ಮೂಲೆ, ಕಾರ್ನರಿನ ಹಳದಿ ಬಾವುಟ, ಅದರಾಚೆ ಬೇಲಿಯ ಹಸಿರು ಕಾಣುತ್ತಿತ್ತು. ಗೋಲು ಕಾಣುತ್ತಿರಲಿಲ್ಲ.

ಇಂಚರಾಳಿಗೆ ಹದಿನೇಳು. ಹುಟ್ಟಿದ್ದು ಕಾರ್ಕಿನಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಕಾರ್ಕಿನವರ ಎಳೆದೆಳೆದು ಹಾಡುವ ಇಂಗ್ಲಿಷು. ಈ ಕಾಲೇಜಿನ ಹುಡುಗಿಯರ ಸಾಕರ್ ತಂಡಕ್ಕೆ ಮುಂದಿನ ವರ್ಷಕ್ಕೆ ಒಬ್ಬಳು ಗೋಲ್‌ಕೀಪರ್ ಬೇಕಾಗಿತ್ತು, ಒಬ್ಬಳೇ. ಸಿಕ್ಕವಳಿಗೆ ಸ್ಕಾಲರ್‌ಶಿಪ್ಪು, ಕ್ಯಾಂಪಸ್ಸಿನಲ್ಲೇ ರೂಮು, ಓದು ಮುಗಿಯುವವರೆಗೂ ಆಟ. ಕೊನೆಯ ಟ್ರಯಲ್ ಮ್ಯಾಚಿಗೆ ಇಬ್ಬರನ್ನು ಕರೆದಿದ್ದರು. ಒಂದು ಗೋಲಿನಲ್ಲಿ ಇವಳು, ಎದುರಿನ ಗೋಲಿನಲ್ಲಿ ಡೊನೆಗಾಲ್ ಕಡೆಯ ಒಂದು ಎತ್ತರದ ಹುಡುಗಿ. ಇದು ಸಿಗದಿದ್ದರೆ ಗ್ಲೌಸ್ ಯಾರಿಗಾದರೂ ಕೊಟ್ಟುಬಿಡ್ತೀನಿ ಅಂತ ಅಮ್ಮನ ಹತ್ತಿರ ಹೇಳಿದ್ದಳಂತೆ. ಅಪ್ಪನ ಹತ್ತಿರ ಹೇಳಿರಲಿಲ್ಲ. ಈ ಮನೆಯಲ್ಲಿ ಮುಖ್ಯವಾದ ಮಾತೆಲ್ಲ ಹೆಂಡತಿ ವಿನೋದಿನಿಯ ಮೂಲಕವೇ ತನಗೆ ತಲುಪುವುದು ಯಾವಾಗಿನಿಂದ ಅಂತ ಗುರುದತ್ ಯೋಚಿಸಿದ. ಹಿಂದಿನಿಂದ ಸೀಟಿ ಕೇಳಿಸಿತು, ಹುಡುಗಿಯರ ಕೂಗು ಕೇಳಿಸಿತು. ಅದು ಗೋಲಿನ ಕೂಗೋ ತಪ್ಪಿದ ಕೂಗೋ ಬೆನ್ನಿಗೆ ಗೊತ್ತಾಗುವುದಿಲ್ಲ.

ಆರಿಸುವವಳ ಹೆಸರು ಗ್ರಾನ್ಯ. ನಲವತ್ತರ ಆಸುಪಾಸಿನ ಹೆಂಗಸು, ತಾನೂ ಒಂದು ಕಾಲಕ್ಕೆ ಕೀಪರ್ ಆಗಿದ್ದವಳು, ಎಡಗೈಯ ಕಿರುಬೆರಳು ಸೊಟ್ಟ. ಅವಳನ್ನು ಗುರುದತ್ ಮೊದಲು ನೋಡಿದ್ದು ಕಳೆದ ಶರತ್ಕಾಲದಲ್ಲಿ, ಕಾರ್ಕಿನ ಕ್ಲಬ್ಬುಗಳ ಟೂರ್ನಮೆಂಟಿನಲ್ಲಿ. ಕಾಲೇಜಿನಿಂದ ಬಂದಿದ್ದಾರೆ ಅಂತ ಕ್ಲಬ್ಬಿನ ಕೋಚ್ ಡೋನಲ್ ಪಿಸುಗುಟ್ಟಿದ್ದೇ ತಡ, ಗೆರೆಯ ಪಕ್ಕ ನಿಂತ ಅಪ್ಪಅಮ್ಮಂದಿರೆಲ್ಲ ಇದ್ದಕ್ಕಿದ್ದಂತೆ ಸಭ್ಯಸ್ಥರಾಗಿಬಿಟ್ಟರು. ರೆಫರಿಗೆ ಬೈಯುತ್ತಿದ್ದವರು ಎದುರಾಳಿಗಳಿಗೂ ಚಪ್ಪಾಳೆ ತಟ್ಟಿದರು. ಗ್ರಾನ್ಯ ಅವರ ಜೊತೆ ನಿಲ್ಲಲಿಲ್ಲ. ದೂರದ ಮೂಲೆಯಲ್ಲಿ, ಟೋಪಿ ಎಳೆದುಕೊಂಡು, ಚೆಂಡು ಎಲ್ಲಿದೆಯೋ ಅದರ ವಿರುದ್ಧ ದಿಕ್ಕಿಗೆ ನೋಡುತ್ತ ನಿಂತಿದ್ದಳು. ಚೆಂಡು ಆ ತುದಿಯಲ್ಲಿದ್ದಾಗ ಈ ತುದಿಯ ಕೀಪರ್ ಏನು ಮಾಡುತ್ತಾಳೆ ಅನ್ನುವುದೇ ಅವಳಿಗೆ ಬೇಕು ಅಂತ ಡೋನಲ್ ಹೇಳಿದ. ಆಟಕ್ಕೆ ಮುಂಚಿನ ಬೆವರಿಳಿಸುವ ಓಟ ನೋಡುತ್ತಾಳೆ, ಗೋಲು ತಿಂದ ಮೇಲಿನ ಮುಖ ನೋಡುತ್ತಾಳೆ, ಬೆಂಚಿನ ಮೇಲೆ ಕೂರಿಸಿದಾಗ ಹೇಗೆ ಕೂರುತ್ತಾಳೆ ನೋಡುತ್ತಾಳೆ, ಕಡೆಗೆ ಇಳಿಯುವಾಗ ಥ್ಯಾಂಕ್ಸ್ ಹೇಳುವವಳು ಯಾರು ಅಂತ ಕ್ಲಬ್ಬಿನ ವ್ಯಾನ್ ಓಡಿಸುವ ಮುದುಕನನ್ನೂ ವಿಚಾರಿಸುತ್ತಾಳೆ. ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ವಿನೋದಿನಿ ನಕ್ಕಿದ್ದಳು. "ನಿಮ್ಮನೆಯವರು ನನ್ನ ನೋಡೋಕೆ ಬಂದಾಗ್ಲೂ ಇಷ್ಟು ವಿಚಾರಿಸಿರಲಿಲ್ಲ ಕಣ್ರೀ."

ಆ ದಿನ ಅವನು ಡಬ್ಬಿ ಒಯ್ದಿದ್ದ. ದೊಡ್ಡವರನ್ನು ಕಾಣಲು ಬರಿಗೈಲಿ ಹೋಗುವುದುಂಟೆ? ವಿನೋದಿನಿ ಹಿಂದಿನ ದಿನ ಮಾಡಿದ ಕೊಬ್ಬರಿ ಮಿಠಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಬೆಣ್ಣೆ ಕಾಗದ ಮುಚ್ಚಿ, ಮ್ಯಾಚು ಮುಗಿದ ಮೇಲೆ ಮೈದಾನ ಸುತ್ತಿಕೊಂಡು ಆ ಮೂಲೆಗೆ ನಡೆದಿದ್ದ. ಎಲ್ಲ ತಂದೆತಾಯಂದಿರೂ ನೋಡುತ್ತಿದ್ದರು. ಗ್ರಾನ್ಯ ಡಬ್ಬಿಯ ಮುಚ್ಚಳ ತೆಗೆದು ವಾಸನೆ ನೋಡಿ, ಚೆನ್ನಾಗಿದೆ ಅಂದು, ಮತ್ತೆ ಮುಚ್ಚಿ ಅವನ ಕೈಗೇ ಕೊಟ್ಟಳು. ಆರಿಸುವ ಕೆಲಸ ಮುಗಿಯುವವರೆಗೆ ಯಾವ ಮನೆಯಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ; ಏನಾದರೂ ಕೇಳುವುದಿದ್ದರೆ ಹುಡುಗಿಯೇ ತನಗೆ ಬರೆಯಲಿ, ತಂದೆಯಲ್ಲ. ಮೃದುವಾಗಿಯೇ ಹೇಳಿದಳು. "ನಾನು ಇಂಚರಾಳ ತಂದೆ" ಅಂತ ಅವನು ಆಗ ಹೇಳಿದ, ಹೇಳಬೇಕಾದದ್ದನ್ನು ಮೊದಲೇ ಹೇಳಲು ಮರೆತವನ ಹಾಗೆ. "ಗೊತ್ತು ಗೊತ್ತು" ಎಂದಳು ಗ್ರಾನ್ಯ, "ನೀವು ಯಾರು ಅಂತ ನನಗೆ ಚೆನ್ನಾಗಿ ಗೊತ್ತು." ಡಬ್ಬಿ ವಾಪಸು ಬಂದ ಅವಮಾನವನ್ನು ಆ ಮಾತು ಸ್ವಲ್ಪ ಒರೆಸಿಹಾಕಿತು. ಅಷ್ಟು ಜನರ ನಡುವೆ ತನ್ನನ್ನು ಗುರುತಿಟ್ಟಿದ್ದಾಳೆ ಅಂತ ಮನೆಗೆ ಬಂದು ಹೇಳಿಕೊಂಡ. ಹೇಗೆ ಗುರುತಿಟ್ಟಳು ಅಂತ ಅವನೂ ಕೇಳಿಕೊಳ್ಳಲಿಲ್ಲ, ವಿನೋದಿನಿಯೂ ಕೇಳಲಿಲ್ಲ.

ಮಿಠಾಯಿ ಸೋಮವಾರ ಹಾಲಿಹಿಲ್‌ನ ಆಫೀಸಿಗೆ ಹೋಯಿತು. ಪಕ್ಕದ ಮೇಜಿನ ಅಭಿನಂದನ್, ಬೆಂಗಳೂರಿನ ರಾಜಾಜಿನಗರದವನು, ಅರ್ಧ ಡಬ್ಬಿ ಅವನೇ ಮುಗಿಸಿದ. ಅವತ್ತು ಅವರ ತಂಡದ್ದೊಂದು ಸಾಫ್ಟ್‌ವೇರ್ ರಿಲೀಸ್ ಇತ್ತು. ಗುಂಡಿ ಒತ್ತುವ ಮುಂಚೆ ಗುರುದತ್ ಎಂದಿನಂತೆ "ಹೋಯ್ತು, ಬಿತ್ತು ಇದು" ಅಂದ. "ಸಾರ್ ಹೋಯ್ತು ಅಂದ್ರು, ಇನ್ನು ಗ್ರ್ಯಾಂಡ್!" ಅಂತ ಅಭಿನಂದನ್ ಬೆರಳು ನೆಕ್ಕುತ್ತ ಕೂಗಿದ, ಸುತ್ತಲಿನ ಐರಿಷ್ ಹುಡುಗರೂ ನಕ್ಕರು, ಅವರಿಗೂ ಆ ಒಂದು ಕನ್ನಡದ ಮಾತು ಬರುತ್ತಿತ್ತು. ರಿಲೀಸ್ ಸರಿಯಾಗಿಯೇ ಹೋಯಿತು. ಅದು ಗುರುದತ್‌ನ ಸ್ವಂತ ಮಾತೇನಲ್ಲ, ಮೈಸೂರಿನ ಅಮ್ಮನದು. ಅಮ್ಮ ಗಂಗಮ್ಮ ಅವನು ಪರೀಕ್ಷೆಗೆ ಹೊರಟಾಗಲೆಲ್ಲ ಬೀದಿಗೆ ಕೇಳುವ ಹಾಗೆ "ಈ ಸಲ ನಿಂಗೆ ಡುಮ್ಕಿನೇ ಕಣೋ" ಅನ್ನುತ್ತಿದ್ದಳು. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದರೆ ಕಣ್ಣು ತಾಗುತ್ತದೆ. ಕೆಟ್ಟದನ್ನು ಮೊದಲೇ ಹೇಳಿ ಖರ್ಚು ಮಾಡಿಬಿಟ್ಟರೆ ಅದು ಆಮೇಲೆ ಬರುವುದಿಲ್ಲ. ಅವನು ಒಂದು ಸಲವೂ ಫೇಲಾಗಲಿಲ್ಲ. ಇದನ್ನೆಲ್ಲ ನಂಬುತ್ತೀಯಾ ಅಂತ ಯಾರಾದರೂ ಕೇಳಿದ್ದರೆ ಇಂಜಿನಿಯರ್ ಗುರುದತ್ ನಕ್ಕುಬಿಡುತ್ತಿದ್ದ. ಆದರೆ ವಿಮಾನ ಏರುವಾಗ, ಸ್ಕ್ಯಾನಿಂಗಿನ ಕೋಣೆಯ ಹೊರಗೆ ಕೂತಾಗ, ಕ್ರಿಕೆಟ್ಟಿನ ಕೊನೆಯ ಓವರಿನಲ್ಲಿ, ಬಾಯಿ ತನ್ನ ಪಾಡಿಗೆ ತಾನು "ಹೋಯ್ತು" ಅನ್ನುತ್ತಿತ್ತು. ವಿನೋದಿನಿಗೆ ಮೈ ಉರಿಯುತ್ತಿತ್ತು. "ಬಿಡ್ತು ಅನ್ನಿ, ಮೊದಲು ಬಿಡ್ತು ಅನ್ನಿ" ಅಂತ ಹಿಂದೆ ಬಿದ್ದು, ಅವನು ಬಿಡ್ತು ಅನ್ನುವವರೆಗೆ ಬಿಡುತ್ತಿರಲಿಲ್ಲ.

ಕನ್ನಡಿಯ ಮೂಲೆಗೆ ಒಬ್ಬ ಹುಡುಗಿ ಓಡಿ ಬಂದಳು, ಹಳದಿ ಬಾವುಟದ ಪಕ್ಕ ಚೆಂಡಿಟ್ಟಳು. ಇಂಚರಾಳ ಕಡೆಗೆ ಹೊಡೆಯುವ ಕಾರ್ನರ್ ಇರಬೇಕು. ಗುರುದತ್ ಕಣ್ಣು ಮುಚ್ಚಿಕೊಂಡ. ಆದರೂ ಬಾಯಿಗೆ ಆ ಮಾತು ಬಂದೇಬಿಟ್ಟಿತು, ಕಾರಿನೊಳಗೆ, ಯಾರಿಗೂ ಕೇಳಿಸದೆ. ಹೇಳಿದ ಮೇಲೆ ಅವನಿಗೆ ಹೇಸಿಗೆಯಾಯಿತು.

ಎರಡು ವಾರದ ಹಿಂದೆ, ಒಂದು ಭಾನುವಾರದ ಮಧ್ಯಾಹ್ನ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನು ಒಂದು ಮ್ಯಾಚು ಹುಡುಕುತ್ತಿದ್ದ. ಮೊದಲು ಕಳಿಸಿದ ವಿಡಿಯೋ ಅವನೇ ಕೂಡಿಸಿದ್ದು. ಐದು ವರ್ಷದ ಒಳ್ಳೊಳ್ಳೆಯ ಹಿಡಿತಗಳನ್ನೆಲ್ಲ ಆರಿಸಿ, ಹಿನ್ನೆಲೆಗೆ ಡೋಲು ಬಡಿಯುವ ಸಂಗೀತ ಹಾಕಿ, ಮೂರು ನಿಮಿಷಕ್ಕೆ ಇಳಿಸಿದ್ದ. ಇಂಚರಾ ಕಳಿಸಿದ್ದಳು. ಗ್ರಾನ್ಯಳಿಂದ ಎರಡು ಸಾಲಿನ ಉತ್ತರ ಬಂತು: ಈ ವಿಡಿಯೋದಲ್ಲಿ ಎಲ್ಲ ಹುಡುಗಿಯರೂ ಹಿಡಿಯುತ್ತಾರೆ, ನನಗೆ ಒಂದು ಪೂರ್ತಿ ಮ್ಯಾಚು ಬೇಕು, ಎಲ್ಲೂ ಕತ್ತರಿಸಬಾರದು, ದನಿ ತೆಗೆಯಬಾರದು, ಸೋತ ಮ್ಯಾಚಾದರೆ ಒಳ್ಳೆಯದು. ಕೀಪರ್ ತನ್ನವರನ್ನು ಕೂಗಿ ಆಡಿಸುವುದು ಕೇಳಿಸಬೇಕಂತೆ. ಗುರುದತ್‌ನ ಹತ್ತಿರ ಪೂರ್ತಿ ಮ್ಯಾಚುಗಳೇ ಇರಲಿಲ್ಲ. ಜಾಗ ಸಾಲದು ಅಂತ ಬೇಕಾದ ತುಣುಕು ಕತ್ತರಿಸಿಕೊಂಡು ಉಳಿದದ್ದನ್ನು ಅಳಿಸಿಹಾಕುವುದು ಅವನ ಪದ್ಧತಿ. ಉಳಿದಿದ್ದು ಒಂದೇ, ಕಿಲ್ಕೆನ್ನಿಯಲ್ಲಿ ಆಡಿ ಸೋತದ್ದು. ಅವತ್ತು ಅರ್ಧ ಆಟ ಮುಗಿದು ಇಂಚರಾ ಆ ಕಡೆಯ ಗೋಲಿಗೆ ಹೋದಾಗ ಇವನೂ ಸ್ಟ್ಯಾಂಡು ಹೊತ್ತುಕೊಂಡು ಅಲ್ಲಿಗೆ ಹೋಗಿ ಕ್ಯಾಮೆರಾ ಶುರುಮಾಡಿದ್ದ. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು, ಕಾರಿನಲ್ಲಿ ಕೂತು ಮಾತಾಡುತ್ತಲೇ ಆಟ ಮುಗಿದುಹೋಯಿತು. ತಾನಿಲ್ಲದೆ ತಾನೇ ಓಡಿದ ಕ್ಯಾಮೆರಾದಲ್ಲಿ ಏನು ತಾನೇ ಇರುತ್ತದೆ ಅಂತ ಆ ಮ್ಯಾಚನ್ನು ಅವನು ತೆರೆದೂ ನೋಡಿರಲಿಲ್ಲ.

ಮೊದಲರ್ಧ ತೆರೆದ. ಮೊದಲು ಕೇಳಿಸಿದ್ದು ಗಾಳಿ. ಆಮೇಲೆ ಒಬ್ಬ ಗಂಡಸಿನ ದನಿ, ಕ್ಯಾಮೆರಾಕ್ಕೆ ತೀರ ಹತ್ತಿರ, "ಹೋಯ್ತು." ಯಾರಪ್ಪ ಇವನು, ಕನ್ನಡದವನು, ಅನ್ನಿಸಿ ಒಂದು ಗಳಿಗೆ ಸಂತೋಷವೂ ಆಯಿತು. ಆ ಸಂತೋಷ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎದುರಾಳಿ ಹುಡುಗಿ ಚೆಂಡು ತೆಗೆದುಕೊಂಡು ಒಳಗೆ ಬರುತ್ತಾಳೆ, ಇನ್ನೂ ಹೊಡೆದಿಲ್ಲ, ಆ ದನಿ "ಹೋಯ್ತು ಹೋಯ್ತು" ಅನ್ನುತ್ತದೆ. ಬೆನ್ನು ಕಾಣುವ ಇಂಚರಾ ತುದಿಗಾಲಿನಲ್ಲಿ ನಿಂತಿದ್ದಾಳೆ. ಆ ಮಾತು ಬೀಳುತ್ತಲೇ ಅವಳ ಹಿಮ್ಮಡಿಗಳು ಮೆಲ್ಲಗೆ ನೆಲಕ್ಕೆ ಇಳಿಯುತ್ತವೆ. ಚೆಂಡು ಆಮೇಲೆ ಬರುತ್ತದೆ. ಚೆಂಡು ಬಲೆಗೆ ಬಿದ್ದ ಮೇಲೆ ಅವಳು ತಿರುಗುತ್ತಾಳೆ, ಬಗ್ಗಿ ಎತ್ತಿಕೊಳ್ಳುತ್ತಾಳೆ, ಏಳುವಾಗ ಬಲೆಯ ದಾರಗಳ ನಡುವಿನಿಂದ ನೇರ ಕ್ಯಾಮೆರಾವನ್ನು ನೋಡುತ್ತಾಳೆ. ಕ್ಯಾಮೆರಾವನ್ನಲ್ಲ, ಅದರ ಹಿಂದೆ ನಿಂತವನನ್ನು. ದೂರುವ ಮುಖವಲ್ಲ, ಅಳುವ ಮುಖವೂ ಅಲ್ಲ, ಮಾರ್ಕ್ಸ್ ಕಾರ್ಡ್ ಕೊಟ್ಟ ಮಗು ಕಾಯುವ ಮುಖ. ಗುರುದತ್ ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಮುಂದಿನ ಗೋಲಿಗೂ ಅದೇ ನೋಟ. ಐದು ವರ್ಷ ಅವನು ಚೆಂಡನ್ನೇ ಹಿಂಬಾಲಿಸಿದ್ದ, ಮನೆಗೆ ಬಂದು ಹಿಡಿತಗಳನ್ನು ಕತ್ತರಿಸಿಕೊಂಡು ಡೋಲು ಹಾಕಿದ್ದ. ಮೈದಾನದ ಅಷ್ಟು ಜನರಲ್ಲಿ ಆ ಮಾತು ಅರ್ಥವಾಗುತ್ತಿದ್ದವಳು ಅವಳೊಬ್ಬಳೇ.

ದ್ವಿತೀಯಾರ್ಧ ಹಾಕಿದ. ಅಲ್ಲಿ ಗಾಳಿ ಮಾತ್ರ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಒಂದು ಒರಟು ದನಿ, ಗಂಟಲು ತುಂಬಿ, "ಅವೇಯ್! ಅವೇಯ್! ಕೀಪರ್ಸ್!" ಅಂತ, ಬಿಡಿ ಚೆಂಡು ನನ್ನದು ಅನ್ನುವ ಹಾಗೆ, ಕೂಗಿತು. ಅದು ಇಂಚರಾಳದು ಅಂತ ತಿಳಿಯಲು ಅವಳ ಬಾಯಿ ಅಲುಗುವುದನ್ನೇ ನೋಡಬೇಕಾಯಿತು. ಆ ಅರ್ಧದಲ್ಲೂ ಒಂದು ಗೋಲು ತಿಂದಳು. ತಿರುಗಿದಳು, ಚೆಂಡೆತ್ತಿದಳು, ಕಾಲಿನಿಂದ ನಡುಮೈದಾನಕ್ಕೆ ಒದ್ದಳು, ಎರಡು ಕೈ ಬಡಿದು ಏನೋ ಹೇಳಿ ತನ್ನವರನ್ನು ನಗಿಸಿದಳು. ಕ್ಯಾಮೆರಾ ಅಲ್ಲೇ ಇತ್ತು. ಅವಳು ಅದರ ಕಡೆ ನೋಡಲಿಲ್ಲ.

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ವಿನೋದಿನಿ ಬೆನ್ನ ಹಿಂದೆ ನಿಂತು ಎಷ್ಟು ಹೊತ್ತು ನೋಡಿದಳೋ. "ವಾಪಸು ಬರ್ತಾ ಕಾರಲ್ಲಿ ನೀವೇ ಅವಳಿಗೆ ಸಮಾಧಾನ ಹೇಳ್ತೀರಿ ಅಲ್ವಾ, ಪರ್ವಾಗಿಲ್ಲ ಪುಟ್ಟಾ ಅಂತ" ಅಂದಳು. "ಮಗೂನ ಚಿವುಟೋರೂ ನೀವೇ, ತೊಟ್ಟಿಲು ತೂಗೋರೂ ನೀವೇ." ಅವನು ದನಿಯನ್ನು ಅಳಿಸಿಬಿಡೋಣ ಅಂತ ಗುಂಡಿ ಹುಡುಕಿದ. ಮೊದಲರ್ಧವನ್ನಷ್ಟೇ ಅಳಿಸಿ ಎರಡನೆಯದನ್ನು ಬಿಟ್ಟರೆ ಆಗುತ್ತದೆ, ಮೈಕು ಕೆಟ್ಟಿತ್ತು ಅಂದರಾಯಿತು. ಅಷ್ಟರಲ್ಲಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಇಂಚರಾ ಮೆಟ್ಟಿಲಿಳಿದು ಬಂದಳು. ಪರದೆ ನೋಡಿದಳು, ಅಪ್ಪನ ಬೆರಳು ಎಲ್ಲಿದೆ ನೋಡಿದಳು. ದನಿ ಇರಲೇಬೇಕು ಅಂದಿದ್ದಾರೆ ಅಪ್ಪಾ, ಅಂದಳು ಇಂಗ್ಲಿಷಿನಲ್ಲಿ. "ಆದ್ರೆ ಇದರಲ್ಲಿ ನಾನು..." ಅಂತ ಅವನು ಶುರುಮಾಡಿದ. ಗೊತ್ತು, ಅಂದಳು, ನನಗೆ ಯಾವಾಗಲೂ ಕೇಳಿಸುತ್ತೆ, ಇಟ್ಸ್ ಗ್ರ್ಯಾಂಡ್, ಪರವಾಗಿಲ್ಲ. ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೇ ಕಳಿಸಿದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದ. ಅದು ಯಾವತ್ತೋ ಒಪ್ಪಿಕೊಂಡು ಸುಮ್ಮನಾದವರ ದನಿಯಾಗಿತ್ತು.

ಕಿಟಕಿಯ ಗಾಜಿನ ಮೇಲೆ ಯಾರೋ ಬೆರಳಿನ ಗೆಣ್ಣಿನಿಂದ ತಟ್ಟಿದರು. ಗುರುದತ್ ಬೆಚ್ಚಿಬಿದ್ದು ನೋಡಿದರೆ ಸೊಟ್ಟ ಕಿರುಬೆರಳು. ಗಾಜು ಇಳಿಸಿದ.

"ಇಷ್ಟು ದೂರ ಕಾರು ಓಡಿಸ್ಕೊಂಡು ಬಂದು ಬೇಲಿ ನೋಡ್ತಾ ಕೂತಿದ್ದೀರಲ್ಲ" ಅಂದಳು ಗ್ರಾನ್ಯ.

"ಹಾಗೇನಿಲ್ಲ. ಚಳಿ ಅಂತ."

ಏಪ್ರಿಲ್ಲಿನ ಬಿಸಿಲು ಚೆನ್ನಾಗಿಯೇ ಕಾಯುತ್ತಿತ್ತು. ಗ್ರಾನ್ಯ ಆಕಾಶವನ್ನೊಮ್ಮೆ ನೋಡಿ ಅದನ್ನು ಅಲ್ಲಿಗೇ ಬಿಟ್ಟಳು. "ಕಿಲ್ಕೆನ್ನಿ ಮ್ಯಾಚಿನಲ್ಲಿ ಒಂದು ಗಂಡಸಿನ ದನಿ ಇದೆ. ಚೆಂಡು ಬರೋಕೆ ಮುಂಚೆನೇ ಏನೋ ಹೇಳುತ್ತೆ, ಒಂದೇ ಮಾತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುರುದತ್‌ನ ಕೈ ನಿಜವಾಗಿಯೂ ಕಾಲರಿನ ಹತ್ತಿರ ಹೋಗಿತ್ತು. "ಅದು ನಾನು" ಅಂದ.

"ಹಾಗಂದ್ರೆ ಏನು?"

ಹುಷಾರು ಅಂತ ಅರ್ಥ ಅನ್ನಬಹುದಾಗಿತ್ತು. ಶಭಾಷ್ ಅಂತಲೂ ಅನ್ನಬಹುದಾಗಿತ್ತು, ಯಾರು ಪರೀಕ್ಷೆ ಮಾಡುತ್ತಾರೆ? ಆದರೆ ಎರಡು ವಾರದಿಂದ ಆ ಸುಳ್ಳುಗಳನ್ನೆಲ್ಲ ಅವನು ಒಂದೊಂದಾಗಿ ಹಾಕಿಕೊಂಡು ನೋಡಿ ಮುಗಿಸಿದ್ದ. ಮುಗೀತು ಅಂತ ಅರ್ಥ, ಗೋಲು ಆಗಿಹೋಯ್ತು ಅಂತ, ಎಂದ. ಕೆಟ್ಟದಾಗಲಿ ಅಂತಲ್ಲ, ಆಗದಿರಲಿ ಅಂತ ಹೇಳುವುದು ಅಂತ ವಿವರಿಸಹೋದ. ಇಂಗ್ಲಿಷಿನಲ್ಲಿ ಅದು ಮೂರ್ಖತನದ ಹಾಗೆ ಕೇಳಿಸಿತು. ಅಮ್ಮ, ಪರೀಕ್ಷೆ, ಕಣ್ಣು ತಾಗುವುದು, ಎಲ್ಲ ಒಂದರ ಮೇಲೊಂದು ಬಿದ್ದು ಗೋಜಲಾಯಿತು. ಗ್ರಾನ್ಯ ನಗಲಿಲ್ಲ. ಕೆರ್ರಿಯಲ್ಲಿದ್ದ ತನ್ನ ಅಜ್ಜಿ ಯಾರಾದರೂ ಮಗುವನ್ನು ಹೊಗಳಿ ಗಾಡ್ ಬ್ಲೆಸ್ ಅನ್ನದೆ ಹೋದರೆ ಅವರನ್ನು ಬಾಗಿಲು ದಾಟಲು ಬಿಡುತ್ತಿರಲಿಲ್ಲ ಅಂದಳು.

"ಇನ್ನು ಸ್ವಲ್ಪ ಆಟ ಉಳಿದಿದೆ" ಅಂದಳು ಆಮೇಲೆ. "ನೀವು ಇದ್ದಾಗ ಒಬ್ಬಳು ಕೀಪರನ್ನ ನೋಡಿದೆ, ಇಲ್ಲದಿದ್ದಾಗ ಇನ್ನೊಬ್ಬಳನ್ನ. ನಾನು ಯಾರನ್ನ ತಗೋತಾ ಇದ್ದೀನಿ ಅಂತ ನನಗೆ ಗೊತ್ತಾಗಬೇಕಲ್ಲ? ಬೇರೆ ಊರಿಗೆ ಆಡೋಕೆ ಹೋದ್ರೆ ಗೋಲಿನ ಹಿಂದೆ ನಿಂತೋರು ನಿಮಗಿಂತ ಕೆಟ್ಟದಾಗಿ ಮಾತಾಡ್ತಾರೆ. ಬಂದು ಅವಳ ಹಿಂದೆ ನಿಲ್ಲಿ. ನಾನು ಕೇಳಿದೆ ಅಂತ ಬಾಯಿಗೆ ಬೀಗ ಹಾಕ್ಕೋಬೇಡಿ. ಯಾವಾಗಲೂ ಹೇಗೋ ಹಾಗೆ."

ಮೈದಾನ ಸುತ್ತಿಕೊಂಡು ನಡೆಯುವಾಗ ಕೈಗಳ ಚಿಂತೆ ಮತ್ತೆ ಬಂತು. ಜೇಬಿಗೆ ಹಾಕಿದ. ಎರಡೂ ಕಡೆ ಗೋಲಿಲ್ಲದೆ ಆಟ ಸಮಸಮ ನಡೆದಿದೆ ಅಂತ ಗೆರೆಯ ಪಕ್ಕ ಯಾರೋ ಹೇಳುತ್ತಿದ್ದರು. ಬಲೆಯ ಹಿಂದೆ, ಎಂದಿನ ಜಾಗದಲ್ಲಿ, ಕಂಬಕ್ಕಿಂತ ಸ್ವಲ್ಪ ಎಡಕ್ಕೆ ನಿಂತ. ಇಂಚರಾ ಒಮ್ಮೆ ಹೆಗಲ ಮೇಲಿನಿಂದ ನೋಡಿದಳು. ಅವನು ಇಲ್ಲಿಗೆ ಬಂದದ್ದಕ್ಕೆ ಕಾರಣ ಕೇಳುವ ನೋಟ ಅದು, ಹೇಳಲು ಸಮಯವಿರಲಿಲ್ಲ. ಅವಳು ಮುಂದಕ್ಕೆ ತಿರುಗಿ ಗ್ಲೌಸಿನ ಪಟ್ಟಿ ಬಿಗಿದುಕೊಂಡಳು. ಗ್ರಾನ್ಯ ದೂರದ ಮೂಲೆಗೆ ಹೋಗಿ ಚೆಂಡಿಗೆ ಬೆನ್ನು ಮಾಡಿ ನಿಂತಳು. ಗುರುದತ್ ತುಟಿ ಕಚ್ಚಿಕೊಂಡ. ಸುಮ್ಮನಿದ್ದರೆ ಮಗಳು ಗೆಲ್ಲುತ್ತಾಳೆ, ಅದು ಅವನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಅದು ಮೋಸ, ಅದೂ ಗೊತ್ತಿತ್ತು. ಮೋಸವೇ ಇರಲಿ ಅಂತ ತೀರ್ಮಾನ ಮಾಡಿದ. ಮಗಳಿಗಾಗಿ ಅಷ್ಟು ಮಾಡದಿದ್ದರೆ ಹೇಗೆ? ಐದು ವರ್ಷ ಆಡಿದ ಬಾಯಿ, ಕಾಲು ಗಂಟೆ ಮುಚ್ಚಿಕೊಂಡಿರಲಾರದೆ?

ಚೆಂಡು ಆ ಕಡೆಯೇ ಓಡಾಡುತ್ತಿತ್ತು. ಡೊನೆಗಾಲಿನ ಹುಡುಗಿ ಒಂದು ಒಳ್ಳೆಯ ಹೊಡೆತವನ್ನು ಮೈ ಚಾಚಿ ಹಿಡಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಇವನೂ ತಟ್ಟಿದ. ಅವಳ ಅಪ್ಪನೂ ಎಲ್ಲೋ ನಿಂತಿರಬೇಕು ಅನ್ನಿಸಿತು. ಅಷ್ಟರಲ್ಲಿ ಚೆಂಡು ಎತ್ತರಕ್ಕೆ ಹಾರಿ ಈ ಕಡೆ ಬಿತ್ತು. ಕೆಂಪು ಜರ್ಸಿಯ ಒಬ್ಬಳು ಅದನ್ನು ಎದೆಯಿಂದ ಇಳಿಸಿಕೊಂಡು ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಇಂಚರಾ ಎರಡು ಹೆಜ್ಜೆ ಮುಂದೆ ಬಂದು ತುದಿಗಾಲಿನಲ್ಲಿ ನಿಂತಳು. ಗುರುದತ್ ಅವಳ ಹಿಮ್ಮಡಿಗಳನ್ನು ನೋಡಿದ. ಮುಚ್ಚಿದ ಬಾಯೊಳಗೆ ನಾಲಿಗೆ ಹಲ್ಲಿಗೆ ಒತ್ತಿ ಹಿಡಿದಿದ್ದ. ಒಂದು ಕ್ಷಣ ತಾನು ಗೆದ್ದೆ ಅಂತಲೂ ಅಂದುಕೊಂಡ.

"ಹೋಯ್ತು."

ಮೆಲ್ಲಗೇ ಬಂದಿತ್ತು, ಆದರೆ ಅವರಿಬ್ಬರ ನಡುವೆ ಒಂದು ಬಲೆಯಷ್ಟೇ ಇದ್ದದ್ದು. ಹಿಮ್ಮಡಿಗಳು ಇಳಿಯಲಿಲ್ಲ. ಅವನು ಸ್ಪಷ್ಟವಾಗಿ ನೋಡಿದ, ಇಳಿಯಲಿಲ್ಲ. ಅವಳು ಎಡಕ್ಕೆ ಪೂರ್ತಿ ಹಾರಿದಳು, ಬೆರಳು ತಗುಲಿತು ಕೂಡ, ಆದರೆ ಹೊಡೆತ ಬಲವಾಗಿತ್ತು. ಚೆಂಡು ಕಂಬದ ಒಳಮೈಗೆ ಬಡಿದು ಬಲೆಗೆ ಬಂದು ಗುರುದತ್‌ನ ಮೊಣಕಾಲಿನ ಎದುರು ನಿಂತಿತು. ಕೆಂಪು ಜರ್ಸಿಯವರು ಕೂಗಿದರು. ಇಂಚರಾ ಎದ್ದು ಮಂಡಿಯ ಮಣ್ಣು ಕೊಡವಿದಳು, ತಿರುಗಿದಳು, ಅವನ ಕಡೆಗೇ ನಡೆದು ಬಂದಳು. ಈಗ ನೋಡುತ್ತಾಳೆ. ಆ ನೋಟಕ್ಕೆ ಮುಖ ಒಡ್ಡಲು ಅವನು ಜೇಬಿನಿಂದ ಕೈ ತೆಗೆದು ನೆಟ್ಟಗೆ ನಿಂತ. ಅವಳು ಬಗ್ಗಿ ಚೆಂಡೆತ್ತಿಕೊಂಡಳು. ಏಳುವಾಗಲೇ ಆ ಕಡೆ ತಿರುಗಿಬಿಟ್ಟಿದ್ದಳು. ಬೆನ್ನು ಹಾಕಿಕೊಂಡೇ, ಅಮ್ಮನ ರಾಗದಲ್ಲಿ, ಅವನು ಅವಳ ಬಾಯಿಂದ ವರ್ಷಗಳಿಂದ ಕೇಳದ ಕನ್ನಡದಲ್ಲಿ ಹೇಳಿದಳು:

"ಬಿಡ್ತು ಅನ್ನಪ್ಪಾ."

"ಬಿಡ್ತು" ಅಂದ ಗುರುದತ್.

ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಚೆಂಡನ್ನು ನಡುಮೈದಾನಕ್ಕೆ ಒದ್ದು, ಎರಡು ಕೈ ಬಡಿದು, ಆ ಒರಟು ದನಿಯಲ್ಲಿ ತನ್ನವರ ಹೆಸರು ಹಿಡಿದು ಕೂಗುತ್ತ ಅವಳು ಮುಂದೆ ಹೋಗಿದ್ದಳು. ಆಟ ಮತ್ತೆ ಶುರುವಾಯಿತು. ಮತ್ತೊಂದು ಹೊಡೆತ ಬಂತು, ಅವನ ಬಾಯಿ ಮತ್ತೆ ಆಡಿತು, ಅದರ ಬೆನ್ನಿಗೇ ಬಿಡ್ತು ಅಂತಲೂ ಆಡಿತು. ಅವಳು ಎರಡು ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. ಆ ಎರಡು ಮಾತಿಗೂ ಅವಳಿಗೂ ಸಂಬಂಧವೇ ಇರಲಿಲ್ಲ.

ಗ್ರಾನ್ಯ ಮೂಲೆಯಿಂದ ನಿಧಾನವಾಗಿ ನಡೆದು ಬಂದು ಅವನ ಪಕ್ಕ ನಿಂತಳು. ಇಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳು ಚೆಂಡು ಇದ್ದ ಕಡೆಗೆ ನೋಡುತ್ತಿದ್ದಳು.

"ಆವತ್ತು ಒಂದು ಡಬ್ಬಿ ತಂದಿದ್ರಲ್ಲ, ಕೊಬ್ಬರಿದು" ಅಂದಳು.

"ಹೂಂ."

"ಅದನ್ನ ಈಗ ತರಬಹುದು." ಅವನು ಬಾಯಿ ತೆರೆಯುವಷ್ಟರಲ್ಲಿ ಸೊಟ್ಟ ಬೆರಳು ಮೇಲೆದ್ದಿತು. "ಅವಳಿಗೆ ನಾನೇ ಹೇಳಬೇಕು, ಸೀಟಿ ಆದ ಮೇಲೆ. ಅಲ್ಲಿವರೆಗೆ ನೀವು ಒಂದು ಮಾತೂ ಆಡಬಾರದು."

ಅವಳು ಹೊರಟುಹೋದಳು. ಗುರುದತ್ ಬಲೆಗೆ ಇನ್ನಷ್ಟು ಹತ್ತಿರ ಸರಿದ. ಮಗಳು ಸೆಪ್ಟೆಂಬರಿನಿಂದ ಇಲ್ಲಿರುತ್ತಾಳೆ, ಶನಿವಾರಗಳು ಇಲ್ಲಿ ನಡೆಯುತ್ತವೆ, ಸ್ಟ್ಯಾಂಡು ಶೂಗಳ ಪಕ್ಕವೇ ಇರುತ್ತದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಒಂದು ಒಳ್ಳೆಯ ಮಾತಿತ್ತು, ಅದನ್ನು ಆಡುವಂತಿರಲಿಲ್ಲ. ಆಡದಿದ್ದರೇನು, ಅವಳು ಒಂದು ಸಲ ತಿರುಗಿದರೆ ಸಾಕು, ಮುಖ ನೋಡಿ ತಿಳಿದುಕೊಳ್ಳುತ್ತಾಳೆ. ಅವನು ಹಗ್ಗಗಳ ನಡುವೆ ಮುಖವಿಟ್ಟು ಕಾದ. ತಾನು ಸರಿಯಾಗಿ ನಡೆದುಕೊಂಡೆನೇ ಅಂತ ಅವಳಿಂದ ತಿಳಿಯಬೇಕಾಗಿತ್ತು. ಇಂಚರಾ ತುದಿಗಾಲಿನಲ್ಲಿ ನಿಂತು, ಚೆಂಡಿನ ಮೇಲೆ ಕಣ್ಣಿಟ್ಟು, ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಿದ್ದಳು. ಸೀಟಿ ಆಗುವವರೆಗೂ ಅವಳು ಹಿಂದೆ ನೋಡಲಿಲ್ಲ.